ಶರತ್ಕಾಲದ ಕೊನೆಯಲ್ಲಿ ಬೆಟ್ಟದ ಸುತ್ತುದಾರಿ: ಇನ್ನೂ ಕಾಣದ ಅರ್ಧ ಹಾದಿಯನ್ನು ಅಂದಾಜು ಮಾಡುವುದು ಹೇಗೆ

ಹೋದ ದಾರಿಯಲ್ಲೇ ಮರಳುವ ಚಾರಣದಲ್ಲಿ ಒಂದು ಅನುಕೂಲ ಇದೆ. ಇಳಿಯುವಾಗ ಎಲ್ಲಿ ಜಾರುತ್ತದೆ, ಎಲ್ಲಿ ಹಳ್ಳ ದಾಟಬೇಕು ಎನ್ನುವುದನ್ನು ಹತ್ತುವಾಗಲೇ ನೋಡಿಕೊಂಡಿರುತ್ತೇವೆ. ಸುತ್ತುದಾರಿಯಲ್ಲಿ ಹಾಗಲ್ಲ. ಒಂದು ಮಗ್ಗುಲಿನಿಂದ ಹತ್ತಿ ಇನ್ನೊಂದು ಮಗ್ಗುಲಿಗೆ ಇಳಿಯುವಾಗ, ದಣಿದ ಕಾಲಿಗೆ ಮತ್ತು ಇಳಿಹೊತ್ತಿನ ಬೆಳಕಿಗೆ ಸಿಗುವುದು ಪೂರ್ತಿ ಹೊಸ ನೆಲ. ಬೇಸಿಗೆಯಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ. ಎಲೆಯೆಲ್ಲ ಉದುರಿ, ಚಳಿಗಾಲ ಇನ್ನೂ ಕಾಲೂರದ ವಾರಗಳಲ್ಲಿ ಮಾತ್ರ ಒಂದೇ ಬೆಟ್ಟದ ಎರಡು ಮಗ್ಗುಲುಗಳಲ್ಲಿ ಎರಡು ಋತುಗಳಿರಬಹುದು: ಇತ್ತ ಒಣಮಣ್ಣು, ಅತ್ತ ಗಾಜಿನಂಥ ಮಂಜುಗಡ್ಡೆ. ಹಾಗಾಗಿ ತಯಾರಿಯೆಲ್ಲ ಒಂದೇ ಪ್ರಶ್ನೆಯ ಸುತ್ತ ನಡೆಯಬೇಕು: ಆ ಕಡೆಯ ನೆಲ ಹೇಗಿದ್ದೀತು?

ಮೊದಲು ನಕ್ಷೆ

ಸಮೋನ್ನತಿ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ) ನಕ್ಷೆ ತೆಗೆದುಕೊಂಡು ಇಡೀ ಸುತ್ತನ್ನು ತುಂಡುಗಳಾಗಿ ಮಾಡಿ. ಕಿಲೋಮೀಟರ್ ಲೆಕ್ಕದಲ್ಲಿ ಬೇಡ, ನೆಲದ ಸ್ವಭಾವದ ಲೆಕ್ಕದಲ್ಲಿ. ಉತ್ತರಕ್ಕೆ ಮುಖ ಮಾಡಿದ ಮಗ್ಗುಲು ಒಂದು ತುಂಡು, ಮರಗಳು ಮುಗಿದ ಮೇಲಿನ ಬಯಲು ಏಣು (ಬೆಟ್ಟದ ಉದ್ದನೆಯ ಬೆನ್ನು) ಇನ್ನೊಂದು, ರೇಖೆಗಳು ಒತ್ತೊತ್ತಾಗಿ ಕೂತಿರುವ ಕಡಿದಾದ ಜಾಗ ಮತ್ತೊಂದು. ತೊರೆಯನ್ನು ದಾಟುವ ಪ್ರತಿ ಜಾಗಕ್ಕೂ, ದಾರಿ ಕವಲೊಡೆದು ಬೇಗ ಕೆಳಗಿಳಿಸುವ ಪ್ರತಿ ಜಾಗಕ್ಕೂ ಗುರುತು ಹಾಕಿ.

ಉತ್ತರ ಗೋಳಾರ್ಧದಲ್ಲಿ ಈ ಕಾಲಕ್ಕೆ ಸೂರ್ಯ ದಕ್ಷಿಣಕ್ಕೆ ವಾಲಿ ತಗ್ಗಿನಲ್ಲೇ ಸಾಗುತ್ತಾನೆ. ಕಡಿದಾದ ಉತ್ತರ ಮಗ್ಗುಲಿಗೆ ದಿನವಿಡೀ ಬಿಸಿಲು ತಾಗದಿರಬಹುದು. ವಾರದ ಹಿಂದೆ ಬಿದ್ದ ಎರಡು ಬೆರಳಿನಷ್ಟು ಹಿಮ ದಕ್ಷಿಣದಲ್ಲಿ ಅರ್ಧ ದಿನದಲ್ಲಿ ಕರಗಿದ್ದರೂ ಅಲ್ಲಿ ಹಾಗೇ ಉಳಿದು, ತುಳಿತಕ್ಕೆ ಸಿಕ್ಕಿ ಗಟ್ಟಿಯಾಗಿರುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇದು ತಿರುಗುಮುರುಗು.

ನಾಳೆಯ ಹವೆಗಿಂತ ಕಳೆದ ಐದು ದಿನದ ಹವೆ

ಹೆಚ್ಚಿನವರು ನಾಳೆಯ ಮುನ್ಸೂಚನೆ ನೋಡಿ ಸುಮ್ಮನಾಗುತ್ತಾರೆ. ನಾಳೆಯ ಹವೆಯಿಂದ ಯಾವ ಬಟ್ಟೆ ಬೇಕು ಎಂದು ತಿಳಿಯುತ್ತದೆ, ನೆಲ ಹೇಗಿದೆ ಎಂದು ತಿಳಿಯುವುದಿಲ್ಲ. ನೆಲ ತಯಾರಾಗಿರುವುದು ಕಳೆದ ಐದಾರು ದಿನಗಳಲ್ಲಿ. ಅತಿ ಕೆಟ್ಟ ಜೋಡಿ ಯಾವುದೆಂದರೆ ಮಳೆ ಅಥವಾ ಕರಗುವ ಹಿಮ, ಅದರ ಬೆನ್ನಿಗೇ ಮೋಡವಿಲ್ಲದ ಚಳಿ ರಾತ್ರಿ. ಆಕಾಶ ನಿರ್ಮಲವಾಗಿದ್ದಾಗ ನೆಲ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಹಾದಿಯ ಮೇಲೆ ಹರಿದ ನೀರೆಲ್ಲ ಬೆಳಗಾಗುವಷ್ಟರಲ್ಲಿ ಗಡ್ಡೆಯಾಗಿರುತ್ತದೆ. ನಾಳೆ ಸೊಗಸಾದ ಬಿಸಿಲಿನ ದಿನ ಎಂದು ಮುನ್ಸೂಚನೆ ಹೇಳುತ್ತಿರುವ ದಿನವೇ ಬೆಳಗಿನ ಹಾದಿ ತೀರಾ ಜಾರುವುದು ಇದಕ್ಕೇ.

ಎತ್ತರದ ಉಷ್ಣಾಂಶ ತಿಳಿಯಲು ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಳೆಯಿರಿ. ಬುಡದಲ್ಲಿ 6 ಡಿಗ್ರಿ ಇದ್ದರೆ 900 ಮೀಟರ್ ಮೇಲೆ ಸುಮಾರು ಸೊನ್ನೆ. ಅಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಆದರೆ ಗಾಳಿಯಿಲ್ಲದ ನಿರ್ಮಲ ರಾತ್ರಿಗಳ ನಂತರ ಈ ಲೆಕ್ಕ ತಲೆಕೆಳಗಾಗಬಹುದು. ತಣ್ಣನೆಯ ಗಾಳಿ ಭಾರವಾದ್ದರಿಂದ ಕಣಿವೆಯ ತಳಕ್ಕೆ ಇಳಿದು ಕೂರುತ್ತದೆ. ಆಗ ಚಾರಣ ಶುರುವಾಗುವ ಜಾಗದ ಮರದ ಸೇತುವೆ ಹೆಪ್ಪುಗಟ್ಟಿರುತ್ತದೆ, 300 ಮೀಟರ್ ಮೇಲೆ ನೆಲ ಮೆತ್ತಗಿರುತ್ತದೆ. ಬುಡದಲ್ಲೇ ಇಷ್ಟು ಚಳಿಯಾದರೆ ಮೇಲೆ ಹೇಗೋ ಎಂದು ಅಂಥ ದಿನ ಹಿಂಜರಿಯಬೇಕಿಲ್ಲ. ಅರ್ಧ ಗಂಟೆ ಹತ್ತಿ ನೋಡಿ.

ಹವಾಮಾನ ವರದಿಯಲ್ಲಿ ಉಷ್ಣಾಂಶ ಸೊನ್ನೆಗಿಳಿಯುವ ಎತ್ತರವನ್ನು ಕೊಟ್ಟಿದ್ದರೆ ಅದೇ ಎಲ್ಲಕ್ಕಿಂತ ಉಪಯುಕ್ತ ಅಂಕಿ. ದಿನದ ನಡುವೆ ಅದು ಕೆಳಗಿಳಿಯಲಿದೆ ಎಂದಿದ್ದರೆ, ಹತ್ತುವಾಗ ಒದ್ದೆಯಾಗಿದ್ದ ಬಂಡೆ ಇಳಿಯುವ ಹೊತ್ತಿಗೆ ಹೆಪ್ಪುಗಟ್ಟಿರುತ್ತದೆ ಎಂದೇ ಓದಿಕೊಳ್ಳಿ.

ಹೋಗಿಬಂದವರ ವರದಿಯನ್ನು ಎಷ್ಟು ನಂಬಬೇಕು

ಮೊದಲು ದಿನಾಂಕ ನೋಡಿ. ಕೊನೆಯ ಮಳೆಗೋ ಹಿಮಕ್ಕೋ ಹಿಂದಿನ ವರದಿಯಿಂದ ದಾರಿಯಲ್ಲಿ ಬಿದ್ದ ಮರಗಳ ಬಗ್ಗೆ ತಿಳಿಯಬಹುದು, ಜಾರಿಕೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಆಮೇಲೆ ಅವರು ಯಾವ ಹೊತ್ತಿಗೆ ಎಲ್ಲಿದ್ದರು ಎಂದು ಹುಡುಕಿ. ಮಧ್ಯಾಹ್ನ ಎರಡಕ್ಕೆ ‘ಸ್ವಲ್ಪ ಕೆಸರು’ ಎಂದವರ ಜಾಗವೇ ಬೆಳಗಿನ ಎಂಟಕ್ಕೆ ಉಬ್ಬುತಗ್ಗಿನ ಗಡ್ಡೆಯಾಗಿರುತ್ತದೆ. ‘ತೊಂದರೆ ಏನಿಲ್ಲ’ ಎಂಬ ಮಾತು ಬೂಟಿಗೆ ಜಾರದಂತೆ ಲೋಹದ ಹಲ್ಲು ಕಟ್ಟಿಕೊಂಡು ಹೋದವರದೋ ಬರಿಯ ಬೂಟಿನವರದೋ ತಿಳಿಯದೆ ಅದಕ್ಕೆ ಬೆಲೆಯಿಲ್ಲ. ಫೋಟೊಗಳಲ್ಲಿ ನೋಟ ಬಿಡಿ, ಅವರ ಕಾಲ ಬಳಿಯ ನೆಲ ನೋಡಿ.

ಸಮಯದ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಒಟ್ಟು 14 ಕಿ.ಮೀ. ಉದ್ದದ, 900 ಮೀಟರ್ ಏರಿನ, ನೆತ್ತಿಯು 6ನೇ ಕಿಲೋಮೀಟರಿನಲ್ಲಿರುವ ಸುತ್ತೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನೆತ್ತಿಯವರೆಗೆ 2 ಗಂಟೆ 42 ನಿಮಿಷ, ಇಳಿಯಲು 1 ಗಂಟೆ 36 ನಿಮಿಷ, ಒಟ್ಟು 4 ಗಂಟೆ 18 ನಿಮಿಷ. ಇದು ಒಳ್ಳೆಯ ನೆಲದ ಲೆಕ್ಕ. ತರಗೆಲೆ, ಕೆಸರು, ಅಲ್ಲಲ್ಲಿ ಗಡ್ಡೆ ಇರುವಾಗ 1.4ರಿಂದ ಗುಣಿಸಿ, ಸುಮಾರು 6 ಗಂಟೆ ಆಗುತ್ತದೆ. ನಿಲ್ಲುವುದು, ತಿನ್ನುವುದು, ಬಟ್ಟೆ ಬದಲಿಸುವುದಕ್ಕೆ ಒಂದು ಗಂಟೆ ಸೇರಿಸಿದರೆ 7.

ಈಗ ಬೆಳಕು ಎಷ್ಟಿದೆ ನೋಡಿ. 45 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ನವೆಂಬರ್ ನಡುಭಾಗಕ್ಕೆ ಹಗಲು ಒಂಬತ್ತೂವರೆ ಗಂಟೆಗಿಂತ ತುಸು ಹೆಚ್ಚು. ಅಕ್ಟೋಬರ್ ಕೊನೆಯಿಂದ ಅದು ದಿನಕ್ಕೆ ಸುಮಾರು ಮೂರು ನಿಮಿಷದಂತೆ ಕಿರಿದಾಗುತ್ತಾ ಬಂದಿರುತ್ತದೆ. ಎರಡು ವಾರದ ಹಿಂದೆ ಆರಾಮವಾಗಿ ಮುಗಿದ ಸುತ್ತು ಈಗ ಮುಕ್ಕಾಲು ಗಂಟೆ ಕಡಿಮೆ ಬೆಳಕಿನಲ್ಲಿ ಮುಗಿಯಬೇಕು. ಪಂಚಾಂಗದ ಸೂರ್ಯಾಸ್ತ ಬಯಲುಸೀಮೆಗೆ ಸರಿ. ಕಣಿವೆಯಲ್ಲಿ ಸೂರ್ಯ ಎದುರಿನ ಏಣಿನ ಹಿಂದೆ ಒಂದೆರಡು ಗಂಟೆ ಮೊದಲೇ ಮರೆಯಾಗಬಹುದು. ಬೆಳಕು ಉಳಿದಿರುತ್ತದೆ, ಬಿಸಿ ಉಳಿದಿರುವುದಿಲ್ಲ. ಕರಗಿದ್ದ ನೀರು ಮತ್ತೆ ಹೆಪ್ಪುಗಟ್ಟಲು ಶುರುವಾಗುವುದು ಆ ನೆರಳು ಬಿದ್ದ ಗಳಿಗೆಯಿಂದ.

ಎಡಕ್ಕೋ ಬಲಕ್ಕೋ

ಸುತ್ತುದಾರಿಯಲ್ಲಿ ನೀವು ಮಾಡುವ ಅತಿ ದೊಡ್ಡ ತೀರ್ಮಾನ ಇದು. ಹೆಚ್ಚಿನವರು ಫಲಕದ ಬಾಣ ತೋರಿಸಿದ ಕಡೆ ಹೊರಟುಬಿಡುತ್ತಾರೆ. ಬಾಣ ಬೇಸಿಗೆಗೆ ಹಾಕಿದ್ದು.

ನಿಯಮ ಸರಳ: ಅನುಮಾನ ಇರುವ ತುಂಡು ಮೊದಲು ಬರಲಿ, ಅದೂ ಹತ್ತುವ ದಿಕ್ಕಿನಲ್ಲಿ ಬರಲಿ. ಗಡ್ಡೆಗಟ್ಟಿದ ಕಡಿದಾದ ಹಾದಿಯನ್ನು ಹತ್ತುವುದು ಇಳಿಯುವುದಕ್ಕಿಂತ ಸುಲಭ. ನೆಲ ಕಣ್ಣಿಗೆ ಹತ್ತಿರ ಇರುತ್ತದೆ, ಕೈ ಆಸರೆಗೆ ಸಿಗುತ್ತದೆ, ಜಾರಿದರೂ ಹೆಚ್ಚಾಗಿ ಮೊಣಕಾಲಿಗೆ ಬೀಳುತ್ತೀರಿ. ಇಳಿಯುವಾಗ ದೇಹದ ಭಾರವೆಲ್ಲ ಮುಂದಿನ ಹೆಜ್ಜೆಯ ಮೇಲೆ ಬೀಳುತ್ತದೆ, ಆ ಹೆಜ್ಜೆ ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ. ಜೊತೆಗೆ, ಬೆಳಿಗ್ಗೆಯೇ ಉತ್ತರ ಮಗ್ಗುಲು ಹತ್ತಲಾಗದು ಎಂದು ಗೊತ್ತಾದರೆ ಗಾಡಿ ನಿಲ್ಲಿಸಿದ ಜಾಗ ಒಂದು ಗಂಟೆಯ ದೂರದಲ್ಲಿರುತ್ತದೆ. ದಕ್ಷಿಣದಿಂದ ಹತ್ತಿ ಮಧ್ಯಾಹ್ನ ನೆತ್ತಿಯಲ್ಲಿ ನಿಂತು ಅದೇ ಮಗ್ಗುಲನ್ನು ಮೇಲಿನಿಂದ ನೋಡುವ ಸ್ಥಿತಿಗೂ ಇದಕ್ಕೂ ಅಜಗಜಾಂತರ. ಇಳಿಹೊತ್ತಿನಲ್ಲಿ ದಕ್ಷಿಣ ಮಗ್ಗುಲಿನಲ್ಲಿ ಸಿಗುವುದು ಹೆಚ್ಚೆಂದರೆ ಕೆಸರು. ಕೆಸರಿನಲ್ಲಿ ಬಿದ್ದರೆ ಬಟ್ಟೆ ಹಾಳು, ಅಷ್ಟೆ.

ಇದರಲ್ಲಿ ಒಂದು ಬಲೆ ಇದೆ. ಹತ್ತಲು ಬಂದದ್ದೆಲ್ಲ ಇಳಿಯಲು ಬರುವುದಿಲ್ಲ. ಕೈ ಊರಿ ಹತ್ತಬೇಕಾದ ಜಾಗ ಬಂದರೆ ನಾಲ್ಕು ಹೆಜ್ಜೆ ಹತ್ತಿ, ಅದೇ ನಾಲ್ಕು ಹೆಜ್ಜೆ ಇಳಿದು ನೋಡಿ. ಇಳಿಯಲಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಏಕೆಂದರೆ ಅದನ್ನು ದಾಟಿದ ಮೇಲೆ ಮರಳುವ ದಾರಿ ನಿಮಗಿಲ್ಲ.

ನಿಯಮ ಬದಲಾಗುವ ಸಂದರ್ಭವೂ ಇದೆ. ಬಯಲು ಏಣಿನ ಮೇಲೆ ಎರಡು ಮೂರು ಕಿಲೋಮೀಟರ್ ಜೋರುಗಾಳಿಗೆ ಮುಖ ಕೊಟ್ಟು ನಡೆಯಬೇಕಾದರೆ, ಗಾಳಿ ಬೆನ್ನಿಗೆ ಬರುವ ದಿಕ್ಕನ್ನು ಆರಿಸಿ. ಹೊಸ ಹಿಮ ದಪ್ಪಗೆ ಬಿದ್ದಿದ್ದು, ಹಾದಿ ಸುಮಾರು 30 ಡಿಗ್ರಿಗಿಂತ ಕಡಿದಾದ ಮರವಿಲ್ಲದ ಇಳಿಜಾರನ್ನು ಅಡ್ಡ ಹಾಯುತ್ತಿದ್ದರೆ ಯಾವ ದಿಕ್ಕೂ ಬೇಡ. ಹಿಮಕುಸಿತಕ್ಕೆ ನಡುಚಳಿಗಾಲವೇ ಆಗಬೇಕೆಂದಿಲ್ಲ.

ಕಾಲಡಿಯ ನೆಲ

ತರಗೆಲೆಯನ್ನು ಹಗುರವಾಗಿ ಎಣಿಸಬೇಡಿ. ಒಣಗಿದ್ದಾಗ ಅದು ಒಂದರ ಮೇಲೊಂದು ಜಾರುತ್ತದೆ, ಒದ್ದೆಯಾದಾಗ ಸೋಪಿನಂತಾಗುತ್ತದೆ. ಆದರೆ ನಿಜವಾದ ತೊಂದರೆ ಅದರ ಕೆಳಗಿರುವುದರಿಂದ: ಅಲುಗಾಡುವ ಕಲ್ಲು, ಅಡ್ಡಬಿದ್ದ ಬೇರು, ಓಕ್ ಕಾಡಾದರೆ ಗೋಲಿಯಂತೆ ಉರುಳುವ ಕಾಯಿ, ಹಿಂದಿನ ವಾರದ ಗಡ್ಡೆ. ಮೇಲೆ ಎಲೆಯ ಹೊದಿಕೆ ಇದ್ದರೆ ಕೆಳಗಿನ ಗಡ್ಡೆ ಬಿಸಿಲಿಗೆ ಕರಗುವುದಿಲ್ಲ. ಇಂಥಲ್ಲಿ ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ, ಮುಂದಿನ ಹೆಜ್ಜೆಯ ಜಾಗವನ್ನು ಮೊದಲು ಕೋಲಿನಿಂದ ಕುಟ್ಟಿ ನೋಡಿ. ಒದ್ದೆ ಬೇರಿನ ಮೇಲೆ ಕಾಲಿಡಲೇಬೇಡಿ, ದಾಟಿ ಇಡಿ. ಹಾದಿಗೆ ಓರೆಯಾಗಿ ಬಿದ್ದ ಬೇರು ನೇರ ಅಡ್ಡಕ್ಕೆ ಬಿದ್ದದ್ದಕ್ಕಿಂತ ಕೆಟ್ಟದ್ದು, ಕಾಲನ್ನು ಪಕ್ಕಕ್ಕೆ ಜಾರಿಸುತ್ತದೆ.

ಎಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಹಾದಿಯನ್ನೇ ಅಳಿಸಿಬಿಡುತ್ತದೆ. ಕಾಡೆಲ್ಲ ಒಂದೇ ಬಣ್ಣವಾದಾಗ ಒಣಗಿದ ನೀರಿನ ಜಾಡು ಕಾಲುದಾರಿಯಂತೆ ಕಾಣುತ್ತದೆ. ಹಾದಿ ಎಂದರೆ ತುಸು ತಗ್ಗು. ಆ ತಗ್ಗಿನಲ್ಲಿ ಎಲೆ ಸಮನಾಗಿ ಕೂತಿರುತ್ತದೆ, ಅಕ್ಕಪಕ್ಕದಲ್ಲಿ ಪೊದೆ, ಕಲ್ಲು ಎದ್ದು ಕಾಣುತ್ತವೆ. ಗರಗಸದಿಂದ ಕೊಯ್ದ ಮರದ ತುದಿ ಕಂಡರೆ ನೀವು ದಾರಿಯಲ್ಲೇ ಇದ್ದೀರಿ ಎಂದರ್ಥ. ಐದು ನಿಮಿಷ ನಡೆದರೂ ಮರಕ್ಕೆ ಬಳಿದ ದಾರಿಯ ಗುರುತು ಸಿಗದಿದ್ದರೆ ಕೊನೆಯ ಗುರುತಿಗೆ ವಾಪಸಾಗಿ, ಅಡ್ಡಹಾಯ್ದು ಹುಡುಕಲು ಹೋಗಬೇಡಿ. ಬಿಳಿ ಬಣ್ಣದ ಗುರುತುಗಳು ಮರದ ಕಾಂಡಕ್ಕೆ ಹಿಮ ಮೆತ್ತಿದಾಗ ಕಾಣುವುದೇ ಇಲ್ಲ.

ಎತ್ತರಕ್ಕೆ ಹೋದಂತೆ ಮಣ್ಣು ಕರಕರ ಎನ್ನತೊಡಗುತ್ತದೆ. ಬಗ್ಗಿ ನೋಡಿದರೆ ಮಣ್ಣಿನ ಪದರವನ್ನು ಮೇಲೆತ್ತಿ ಹಿಡಿದ ಸಣ್ಣ ಸಣ್ಣ ಗಡ್ಡೆಯ ಕಂಬಿಗಳು ಕಾಣುತ್ತವೆ. ನೆಲದೊಳಗಿನ ತೇವ ಮೇಲಕ್ಕೆ ಸೆಳೆದುಕೊಂಡು ಬಂದು ಮೇಲ್ಮೈಯಲ್ಲಿ ಹೆಪ್ಪುಗಟ್ಟಿದಾಗ ಹೀಗಾಗುತ್ತದೆ. ಬೆಳಿಗ್ಗೆ ಇದರ ಮೇಲೆ ಕಾಲು ಚೆನ್ನಾಗಿ ನಿಲ್ಲುತ್ತದೆ. ಹನ್ನೊಂದರ ಬಿಸಿಲಿಗೆ ಕರಗಿತೆಂದರೆ ಬುಡ ಕಳಚಿದ ಸಡಿಲ ಕೆಸರು. ಅಂಥ ಕೆಸರನ್ನು ಬಳಸಿ ಪಕ್ಕದ ಹುಲ್ಲಿನಲ್ಲಿ ನಡೆದರೆ ಹಾದಿ ವರ್ಷ ವರ್ಷ ಅಗಲವಾಗುತ್ತಾ ಹೋಗುತ್ತದೆ. ನಡುವಿನಲ್ಲೇ ತುಳಿದು ಹೋಗಿ, ಬೂಟು ತೊಳೆದರಾಯಿತು.

ಮರದ ಸೇತುವೆ, ಹಲಗೆ ಹಾಸಿದ ದಾರಿ ನೆಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಕೆಳಗಿನಿಂದ ಭೂಮಿಯ ಬಿಸಿ ಸಿಗದೆ ಎರಡೂ ಕಡೆಯಿಂದ ತಣ್ಣಗಾಗುವುದೇ ಕಾರಣ. ಇಬ್ಬನಿ ಬಿಳಿಯಾಗಿ ಕೂತಿದ್ದರೆ ಕಾಣುತ್ತದೆ. ಕಾಣದೆ ಬೀಳಿಸುವುದು ಬಂಡೆಗೆ ಮೆತ್ತಿದ ಪಾರದರ್ಶಕ ಗಡ್ಡೆ. ಒದ್ದೆ ಬಂಡೆಯಂತೆಯೇ ಕಪ್ಪಗೆ ಹೊಳೆಯುತ್ತದೆ. ಅನುಮಾನ ಬಂದಲ್ಲಿ ಕೋಲಿನ ಲೋಹದ ತುದಿಯಿಂದ ಗೀರಿ ನೋಡಿ, ಬಿಳಿ ಗೆರೆ ಎದ್ದರೆ ಗಡ್ಡೆ. ಇದು ಎಷ್ಟು ತೆಳು ಎಂದರೆ ಬೂಟಿಗೆ ಕಟ್ಟಿದ ಹಲ್ಲೂ ಕಚ್ಚದೆ ಕೆಳಗಿನ ಕಲ್ಲಿಗೆ ತಾಗಿ ಸರಿಯುತ್ತದೆ. ಇದಕ್ಕೆ ಸಲಕರಣೆಯಿಂದ ಪರಿಹಾರವಿಲ್ಲ. ಪಕ್ಕದ ಹುಲ್ಲು, ಒರಟು ಕಲ್ಲು, ಮಣ್ಣು ಹುಡುಕಿ ಕಾಲಿಡಬೇಕು. ಕೆಸರನ್ನು ತಪ್ಪಿಸಿ ಪಕ್ಕದಲ್ಲಿ ನಡೆಯಬಾರದು ಎಂಬ ಮೇಲಿನ ಮಾತಿಗೆ ಇಲ್ಲಿ ವಿನಾಯಿತಿ.

ತೆಳುಹಿಮದ ಬಗ್ಗೆ ಒಂದು ಮಾತು. ಮೊಣಕಾಲುದ್ದದ ಹಿಮ ಕಂಡರೆ ಜನ ತಾವಾಗಿಯೇ ಹುಷಾರಾಗುತ್ತಾರೆ. ಎರಡು ಮೂರು ಸೆಂಟಿಮೀಟರ್ ಹಿಮ ಕಂಡರೆ ಆಗುವುದಿಲ್ಲ. ಅಷ್ಟು ಹಿಮ ಕಲ್ಲುಗಳ ನಡುವಿನ ಸಂದನ್ನು ಮುಚ್ಚಲು ಸಾಕು, ಕಾಲಿನ ಭಾರ ಹೊರಲು ಸಾಲದು. ದೊಡ್ಡ ಕಲ್ಲುಗಳು ರಾಶಿ ಬಿದ್ದ ಜಾಗದಲ್ಲಿ ಇಂಥ ಸಂದಿಗೆ ಕಾಲು ಇಳಿದು, ದೇಹ ಮುಂದೆ ಬಾಗಿದರೆ ಕಣಕಾಲು ಮುರಿಯುತ್ತದೆ. ಅಲ್ಲಿ ವೇಗ ಗಂಟೆಗೆ ಒಂದು ಕಿಲೋಮೀಟರಿಗೆ ಇಳಿದರೂ ಸರಿ.

ಬೂಟಿಗೆ ಹಲ್ಲು

ಸರಪಳಿಯಲ್ಲಿ ಪೋಣಿಸಿದ ಸುಮಾರು ಒಂದು ಸೆಂಟಿಮೀಟರ್ ಉದ್ದದ ಹಲ್ಲುಗಳಿರುವ ಮೈಕ್ರೋಸ್ಪೈಕ್ ಈ ಕಾಲಕ್ಕೆ ಸರಿಯಾದ ಸಲಕರಣೆ. ತುಳಿದು ಗಟ್ಟಿಯಾದ ಹಿಮ, ಹಾದಿಯ ಮೇಲೆ ಹರಿದು ಹೆಪ್ಪುಗಟ್ಟಿದ ನೀರು, ಸಾಧಾರಣ ಏರಿಳಿತ ಇವಕ್ಕೆ ಸಾಕು. ಕಡಿದಾದ ಗಟ್ಟಿ ಗಡ್ಡೆಗೆ ಸಾಲದು, ಅಲ್ಲಿ ಕ್ರ್ಯಾಂಪನ್ (ಬೂಟಿಗೆ ಕಟ್ಟುವ, ಉದ್ದ ಚೂಪು ಹಲ್ಲುಗಳ ಗಟ್ಟಿ ಚೌಕಟ್ಟು) ಮತ್ತು ಹಿಮಗೊಡಲಿ ಬೇಕು, ಅವುಗಳನ್ನು ಬಳಸಿ ಗೊತ್ತಿರಬೇಕು. ಗೊತ್ತಿಲ್ಲದವರಿಗೆ ಅದು ವಾಪಸಾಗುವ ಜಾಗ.

ಜಾರಿದ ಮೇಲೆ ಕಟ್ಟಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಇಳಿಜಾರಿನ ನಡುವೆ ಒಂಟಿಕಾಲಲ್ಲಿ ನಿಂತು ರಬ್ಬರು ಎಳೆಯುವುದು ಆಗದ ಮಾತು, ಗಡ್ಡೆ ಶುರುವಾಗುವ ಮುನ್ನ ಸಮತಟ್ಟಿನಲ್ಲೇ ಹಾಕಿಕೊಳ್ಳಿ. ರಬ್ಬರು ಚಳಿಗೆ ಬಿರುಸಾಗುತ್ತದೆ, ಆದ್ದರಿಂದ ಮನೆಯಲ್ಲಿ ಒಮ್ಮೆ ಅದೇ ಬೂಟಿಗೆ ಹಾಕಿ ನೋಡಿರಿ. ಒದ್ದೆ ಹಿಮ ಹಲ್ಲುಗಳ ನಡುವೆ ಉಂಡೆಗಟ್ಟಿದರೆ ಹಿಡಿತ ಪೂರ್ತಿ ಹೋಗುತ್ತದೆ, ಕೋಲಿನಿಂದ ಬೂಟಿನ ಪಕ್ಕಕ್ಕೆ ಬಡಿದು ಉದುರಿಸಿ. ಶರತ್ಕಾಲದಲ್ಲಿ ಎಲೆಗಳೂ ಹಲ್ಲಿಗೆ ಚುಚ್ಚಿಕೊಂಡು ಗಟ್ಟಿ ಪದರ ಕಟ್ಟುತ್ತವೆ, ಅದನ್ನು ಕೈಯಲ್ಲೇ ಕೀಳಬೇಕು. ಬರಿಬಂಡೆ ಬಂದಾಗ ಬಿಚ್ಚಿ. ಹತ್ತು ಸಲ ಹಾಕಿ ಬಿಚ್ಚುವುದು ಬೇಸರವೇ, ಆ ಸಮಯಕ್ಕೂ ಸೇರಿಸಿಯೇ ಮೇಲೆ 1.4 ಎಂದದ್ದು.

ತೊರೆ

ತೊರೆ ದಾಟುವಾಗ ನೀರಿನಿಂದ ಮೇಲೆದ್ದ ಕಲ್ಲುಗಳ ಮೇಲೆ ಹಾರಿ ಹೋಗುವುದು ಬೇಸಿಗೆಯ ಅಭ್ಯಾಸ. ಈಗ ಆ ಕಲ್ಲುಗಳಿಗೆ ತುಂತುರು ಸಿಡಿದು ಗಾಜಿನ ಹೊದಿಕೆ ಬಂದಿರುತ್ತದೆ. ನೀರು ಪಾದ ಮುಳುಗುವಷ್ಟೇ ಇದ್ದರೆ ನೀರಿನೊಳಗೇ ನಡೆಯುವುದು ಕ್ಷೇಮ. ಕಾಲುಚೀಲ ತೆಗೆದು ಬರಿಗಾಲಿಗೆ ಬೂಟು ಹಾಕಿ ದಾಟಿ, ಆಚೆ ಹೋಗಿ ಒರೆಸಿ ಒಣ ಕಾಲುಚೀಲ ಹಾಕಿಕೊಳ್ಳಿ. ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಚೀಲ ಕಳಚಬೇಕು. ರಭಸದ ನೀರು ಮೊಣಕಾಲು ಮೀರಿದರೆ ದಾಟಬೇಡಿ. ಮಡುವಿನ ಮೇಲಿನ ಗಡ್ಡೆಯನ್ನು ಈ ಕಾಲದಲ್ಲಿ ನಂಬಲೇಬಾರದು.

ವಾಪಸಾಗುವ ಲೆಕ್ಕ

ಅರ್ಧ ದೂರ ಮುಗಿಯಿತು, ಇನ್ನು ಮುಂದೆ ಹೋಗುವುದೇ ಹತ್ತಿರ ಎನ್ನುವ ಮಾತು ಸುತ್ತುದಾರಿಯಲ್ಲಿ ಬಹಳ ಜನರನ್ನು ಕತ್ತಲೆಗೆ ಸಿಕ್ಕಿಸಿದೆ. ಹೋಲಿಸಬೇಕಾದದ್ದು ದೂರವನ್ನಲ್ಲ, ಸಮಯವನ್ನು.

ಮೇಲಿನ ಉದಾಹರಣೆಗೇ ಬರೋಣ. ಬೆಳಿಗ್ಗೆ 8ಕ್ಕೆ ಹೊರಟು, 1.4ರಿಂದ ಗುಣಿಸಿದ ಲೆಕ್ಕದಲ್ಲಿ, ನಿಂತ ಸಮಯ ಸೇರಿ 12.15ಕ್ಕೆ ನೆತ್ತಿ ಮುಟ್ಟಬೇಕಿತ್ತು. ಮುಟ್ಟಿದ್ದು 1.30ಕ್ಕೆ. 4 ಗಂಟೆ 15 ನಿಮಿಷದ ಕೆಲಸಕ್ಕೆ ಐದೂವರೆ ಗಂಟೆ ಹಿಡಿದಿದೆ, ಅಂದರೆ 1.3 ಪಟ್ಟು. ಉಳಿದ ದಾರಿಯೂ, 1.4ರಿಂದ ಗುಣಿಸಿದ ಲೆಕ್ಕದ 1.3 ಪಟ್ಟು ಹಿಡಿಯುತ್ತದೆ ಎಂದುಕೊಳ್ಳಿ. ಮುಂದಿನ 8 ಕಿ.ಮೀ.ಗೆ ಸುಮಾರು 2 ಗಂಟೆ 55 ನಿಮಿಷ, ಎಲ್ಲೂ ನಿಲ್ಲದಿದ್ದರೆ 4.25ಕ್ಕೆ ಮುಗಿಯುತ್ತದೆ. ಸೂರ್ಯಾಸ್ತ 4.30 ಆಗಿದ್ದರೆ ಕೈಯಲ್ಲಿ ಉಳಿಯುವುದು ಐದು ನಿಮಿಷ. ಬಂದ ದಾರಿಯ 6 ಕಿ.ಮೀ. ಇಳಿಯಲು ಸುಮಾರು 2 ಗಂಟೆ 10 ನಿಮಿಷ, 3.40ಕ್ಕೆ ಬುಡ. ಮುಂದಿನ ಲೆಕ್ಕ ಕಾಣದ ನೆಲದ್ದು, ಹಿಂದಿನದು ಕಂಡ ನೆಲದ್ದು. ನೇಸ್ಮಿತ್ ಸೂತ್ರ ಕಡಿದಾದ ಇಳಿತಕ್ಕೆ ಸಮಯ ಕೂಡಿಸುವುದೂ ಇಲ್ಲ. ಇಂಥಲ್ಲಿ, ಬಂದ ದಾರಿ ಇಳಿಯಬಹುದಾದದ್ದಾಗಿದ್ದರೆ, ತಿರುಗಿ ಹೊರಡಿ. ಬಂದ ದಾರಿಯೇ ಗಡ್ಡೆಯ ಏರು ಆಗಿದ್ದು ಮುಂದಿನದು ಬಿಸಿಲಿನ ಮಗ್ಗುಲಾಗಿದ್ದರೆ ಮುಂದೆ ಹೋಗುವುದೇ ಸರಿ, ಆದರೆ ಕತ್ತಲಲ್ಲಿ ನಡೆಯುವ ತಯಾರಿಯೊಂದಿಗೆ. ಈ ಹೋಲಿಕೆಯನ್ನು ನೆತ್ತಿಯವರೆಗೆ ಬಾಕಿ ಇಡದೆ ಪ್ರತಿ ಕವಲಿನಲ್ಲೂ ಮಾಡಿ.

ಮೊದಲ ಅರ್ಧ ದಾರಿಯಲ್ಲಿ ಎರಡನೆಯದರ ಸುಳಿವು ಸಿಗುತ್ತಲೇ ಇರುತ್ತದೆ. ಎದುರಿನಿಂದ ಬರುವವರ ಬೂಟು ನೋಡಿ: ಹಲ್ಲು ಕಟ್ಟಿದೆಯೆ, ಮಂಡಿಗೆ ಕೆಸರು ಮೆತ್ತಿದೆಯೆ? ಎಲ್ಲಿಂದ ಎಲ್ಲಿಯವರೆಗೆ ಗಡ್ಡೆ ಇದೆ ಎಂದೇ ಕೇಳಿ, ‘ದಾರಿ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ನೀವು ಹತ್ತುತ್ತಿರುವ ಮಗ್ಗುಲಿನಲ್ಲಿ ಬಂಡೆಯ ನೆರಳಿನ ಸಣ್ಣ ಮೂಲೆಗಳಲ್ಲೂ ಗಡ್ಡೆ ಇದ್ದರೆ, ಇಡೀ ಮಗ್ಗುಲೇ ನೆರಳಿನಲ್ಲಿರುವ ಕಡೆ ಅದು ಇದ್ದೇ ಇರುತ್ತದೆ.

ಚೀಲದಲ್ಲಿ

ಹೆಡ್‌ಲ್ಯಾಂಪ್ ಪ್ರತಿಯೊಬ್ಬರಿಗೂ ಒಂದು, ಗುಂಪಿಗೆ ಒಂದಲ್ಲ. ಚಳಿಗೆ ಸಾಧಾರಣ ಆಲ್ಕಲೈನ್ ಬ್ಯಾಟರಿ ಬೇಗ ಸೋಲುತ್ತದೆ, ಲಿಥಿಯಂ ಬ್ಯಾಟರಿ ತಡೆದುಕೊಳ್ಳುತ್ತದೆ. ಫೋನು ಒಳಗಿನ ಜೇಬಿನಲ್ಲಿ ಮೈಬಿಸಿಗೆ ತಾಗಿರಲಿ, ಕಾಗದದ ನಕ್ಷೆ ಜೊತೆಗಿರಲಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಗಡ್ಡೆ ಕಟ್ಟುವುದು ಮೇಲ್ಭಾಗದಿಂದ, ಹೀಗಿಟ್ಟರೆ ಮುಚ್ಚಳದ ಕಡೆ ನೀರು ಉಳಿಯುತ್ತದೆ. ಕೊಳವೆಯಿಂದ ಕುಡಿಯುವವರು ಪ್ರತಿ ಸಲ ಕುಡಿದ ಮೇಲೆ ಊದಿ ನೀರನ್ನು ಹಿಂದಕ್ಕೆ ತಳ್ಳಬೇಕು. ಟೊಳ್ಳು ನಾರುಗಳ ಮೂಲಕ ನೀರು ಸೋಸುವ ಸಾಧನ ಒಮ್ಮೆ ಒದ್ದೆಯಾಗಿ ಹೆಪ್ಪುಗಟ್ಟಿದರೆ ಒಳಗಿನ ಎಳೆ ಸೀಳಿರಬಹುದು. ಹೊರಗೆ ಏನೂ ಕಾಣುವುದಿಲ್ಲ, ನೀರೂ ಬರುತ್ತದೆ, ಸೋಸಿರುವುದಿಲ್ಲ. ಅದನ್ನೂ ಮೈಗೆ ತಾಗಿಸಿಯೇ ಇಟ್ಟುಕೊಳ್ಳಿ.

ಹತ್ತಿಬಟ್ಟೆ ಬೆವರು ಹೀರಿ ಒಣಗುವುದೇ ಇಲ್ಲ, ಬೇಡ. ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಬಟ್ಟೆ ತೊಟ್ಟು, ನಿಂತ ಕೂಡಲೇ ದಪ್ಪಂಗಿ ಹಾಕಿ. ಕೈಗವಸು ಎರಡು ಜೊತೆ. ಜೊತೆಯವರು ಎಡವುವುದು, ತೊದಲುವುದು, ಜಿಪ್ ಎಳೆಯಲು ತಡಕಾಡುವುದು ಶುರುವಾದರೆ ಮೈಬಿಸಿ ಇಳಿಯುತ್ತಿದೆ ಎಂದರ್ಥ: ಗಾಳಿ ಮರೆಗೆ ಕರೆದೊಯ್ದು ಒಣಬಟ್ಟೆ ಹಾಕಿ, ಸಿಹಿ ಕೊಡಿ. ನಡುಕ ತಾನಾಗಿ ನಿಂತರೆ ಅದು ಚೇತರಿಕೆಯಲ್ಲ, ಉಲ್ಬಣ. ಆಗ ನಡೆಸಬೇಡಿ, ಮಲಗಿಸಿ, ಬೆಚ್ಚಗೆ ಸುತ್ತಿ ಸಹಾಯ ಕರೆಯಿರಿ. ಸೀಟಿಯ ಸಂಕೇತ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರವಾಗಿ ಬರುವುದು ನಿಮಿಷಕ್ಕೆ ಮೂರು. ಬೇಟೆಗೆ ಅನುಮತಿ ಇರುವ ಕಾಡಾದರೆ ಇದೇ ಅದರ ಋತು, ಹೊಳೆಯುವ ಕಿತ್ತಳೆ ಬಣ್ಣದ ಮೇಲಂಗಿ ತೊಡಿ.

ಮರಳಿದ ಮೇಲೆ ಬರೆಯುವ ವರದಿ

ಮುಂದಿನವರಿಗೆ ಬೇಕಾಗುವುದು ಅಂಕಿಗಳು. ದಿನಾಂಕ, ಹೊರಟ ಹೊತ್ತು, ಸುತ್ತಿದ ದಿಕ್ಕು. ಗಡ್ಡೆ ಯಾವ ಎತ್ತರದಿಂದ ಯಾವ ಎತ್ತರದವರೆಗೆ, ಯಾವ ಮಗ್ಗುಲಿನಲ್ಲಿ, ಒಟ್ಟು ಎಷ್ಟು ಮೀಟರ್. ತೊರೆಯ ನೀರು ಪಾದಕ್ಕೋ ಮೊಣಕಾಲಿಗೋ. ಬಿದ್ದ ಮರ ದಾಟಬಹುದೋ ಬಳಸಬೇಕೋ. ಕಾಲಿಗೆ ಏನು ಕಟ್ಟಿದ್ದಿರಿ, ಅದು ಸಾಕಾಯಿತೋ ಇಲ್ಲವೋ. ಲೆಕ್ಕ ಹಾಕಿದ್ದೆಷ್ಟು ಗಂಟೆ, ಹಿಡಿದದ್ದೆಷ್ಟು. ‘ಮೇಲೆ ಸ್ವಲ್ಪ ಜಾರುತ್ತದೆ’ ಎಂದು ಬರೆಯುವ ಬದಲು ‘ಉತ್ತರ ಮಗ್ಗುಲಿನಲ್ಲಿ 1400ರಿಂದ 1550 ಮೀಟರ್‌ವರೆಗೆ ಹಾದಿ ಪೂರ್ತಿ ಗಡ್ಡೆ, ಬೆಳಿಗ್ಗೆ 10 ಗಂಟೆ, ಮೈಕ್ರೋಸ್ಪೈಕ್ ಸಾಕಾಯಿತು’ ಎಂದು ಬರೆಯಿರಿ. ಅರ್ಧದಲ್ಲೇ ವಾಪಸಾಗಿದ್ದರೆ ಅದನ್ನೂ ಬರೆಯಿರಿ, ಎಲ್ಲಿಂದ, ಎಷ್ಟು ಹೊತ್ತಿಗೆ, ಯಾವುದನ್ನು ನೋಡಿ ತಿರುಗಿದಿರಿ ಎಂಬುದರ ಸಮೇತ.